ಕ್ಲಾಸೆಟ್ಟಿನೊಳಗಿನ ಒಲೆ

ಮಾರ್ಕೆಟ್ ಬಿದ್ದ ಆ ಚಳಿಗಾಲದಲ್ಲಿ ನನ್ನ ಅಳಿಯ ಕೆಲಸ ಕಳೆದುಕೊಂಡು ನಡೆದುಕೊಂಡೇ ಮನೆಗೆ ಬಂದ. ಜರ್ಸಿ ಸಿಟಿಯಲ್ಲಿ ಹೊಳೆಯ ಅಂಚಿನ ಒಂದು ಗಾಜಿನ ಕಟ್ಟಡದಲ್ಲಿ ಅವನ ಆಫೀಸು. ಅಲ್ಲಿಂದ ಎರಡು ಬೀದಿ ದಾಟಿದರೆ ಅವರ ಅಪಾರ್ಟ್‌ಮೆಂಟು. ಕಾರ್ಡ್‌ಬೋರ್ಡ್ ಬಾಕ್ಸಿನಲ್ಲಿ ಕಾಫಿ ಮಗ್ಗು, ಮಗಳ ಫೋಟೋ, ಒಂದು ಸ್ವೆಟರು. "ಮಿಕ್ಕವರಿಗೆಲ್ಲ ಟ್ರೈನಲ್ಲಿ ಕೂತು ಮನೇಲಿ ಏನ್ ಹೇಳೋದು ಅಂತ ಯೋಚ್ನೆ ಮಾಡಕ್ಕೆ ಟೈಮ್ ಸಿಕ್ತು ಅತ್ತೆ, ನಂಗೆ ಅದೂ ಸಿಗ್ಲಿಲ್ಲ" ಎಂದು ಆಮೇಲೆ ನನ್ನೆದುರು ನಗಾಡಿದ. ಆ ನಗುವಿನ ನಂತರ ಬಹಳ ದಿನ ಅವನು ನಕ್ಕಿದ್ದನ್ನು ನಾನು ಕಾಣಲಿಲ್ಲ. ಶೇವ್ ಮಾಡುವುದನ್ನೂ ಬಿಟ್ಟ.

ನನ್ನ ಮಗಳ ಕೆಲಸ ಉಳಿದಿತ್ತು. ಅವಳದು ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧದ ಕಂಪನಿಯ ಲ್ಯಾಬು. ದಿನಾ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಿದ್ದಳು. ನಾನಿರುವುದು ಪ್ರಿನ್ಸ್‌ಟನ್ನಿಗೆ ಹತ್ತಿರದ ಒಂದು ಸಣ್ಣ ಊರು. ಯಜಮಾನರು ತೀರಿಕೊಂಡ ಮೇಲೆ ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ನಾನೊಬ್ಬಳೇ. ಲೈಬ್ರರಿಯ ಕೆಲಸದಿಂದ ರಿಟೈರ್ ಆಗಿದ್ದೆ. ಅಡುಗೆಮನೆಯ ರೇಡಿಯೋವನ್ನು ಮಲಗುವವರೆಗೂ ಆರಿಸದೆ ಬಿಡುವ ಅಭ್ಯಾಸವಾಗಿತ್ತು. ಅದಕ್ಕೆ ಹೇಳಿದೆ: ಲೀಸ್ ಮುಗಿದ ತಕ್ಷಣ ಇಲ್ಲಿಗೇ ಬಂದುಬಿಡಿ.

ಫೋನಿನ ಆ ಕಡೆಯಿಂದ ಮಗಳು ಕೇಳಿದಳು:

"ಅಮ್ಮಾ, ನಮ್ಮತ್ತೆ ಏನ್ ಮಾಡ್ತಾರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಅಥವಾ ಯೋಚಿಸಿ, ಸುಮ್ಮನಿದ್ದೆನೋ ಏನೋ.

ನನ್ನ ಬೀಗಿತ್ತಿ ನಂಜನಗೂಡಿನವರು. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಂತ ಬಂದವರು, ಮಗನ ಹತ್ತಿರವೇ ಉಳಿದುಬಿಟ್ಟರು. ಕೂಸನ್ನು ಎಣ್ಣೆ ಹಚ್ಚಿ ಎರೆದು, ಅನ್ನ ಕಲಸಿ ತಿನ್ನಿಸಿ, ಸ್ಕೂಲ್ ಬಸ್ಸಿಗೆ ಬಿಟ್ಟು, ಎಂಟು ವರ್ಷದ ಹುಡುಗಿಯನ್ನಾಗಿ ಮಾಡಿದವರು ಅವರೇ. ನನ್ನ ಮಗಳ ಸಂಸಾರ ನಡೆದದ್ದು ಅವರ ಕೈಯಿಂದ. ಆದರೆ ಅಷ್ಟು ವರ್ಷಗಳಲ್ಲಿ ಅವರು ನನ್ನ ಮನೆಯಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಬೆಳಿಗ್ಗೆ ಬಂದರೆ ಸಂಜೆ ಹೊರಟೇಬಿಡುವರು. ಬರುವಾಗ ಕೈಯಲ್ಲಿ ಒಂದು ತೆಂಗಿನಕಾಯಿಯೋ, ಒಂದು ಚಿಪ್ಪು ಬಾಳೆಹಣ್ಣೋ ಇಲ್ಲದೆ ಬಂದದ್ದಿಲ್ಲ. ಸ್ನೋ ಬೀಳುತ್ತಿದೆ, ಇವತ್ತೊಂದು ದಿನ ಇದ್ದುಬಿಡಿ ಎಂದರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುವರು. "ಬೀಗರ ಮನೇಲಿ ಬೆನ್ ತೋರಿಸ್ಬೇಕು ಕಣ್ರೀ, ಬೇರು ಬಿಡಬಾರ್ದು."

ಹೆಣ್ಣು ಕೊಟ್ಟವರ ಮನೆಯಲ್ಲಿ ಗಂಡಿನ ತಾಯಿ ವಾಸಕ್ಕೆ ಬರುವುದೆಂದರೇನು! ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನಮಗೆ ಫಿಶ್ ನೈಫ್ ಎಲ್ಲಿಡಬೇಕು ಎಂದು ಕಲಿಸಿದ್ದರು. ಮೀನು ಮುಟ್ಟದ ಹುಡುಗಿಯರಿಗೆ. ಬೀಗರನ್ನು ಮನೆಯಲ್ಲಿ ಎಲ್ಲಿಡಬೇಕು ಎಂದು ಯಾರೂ ಕಲಿಸಿರಲಿಲ್ಲ. ಆದರೂ ಮೈಸೂರಿನವಳಲ್ಲವೇ, ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು.

ಅವರು ಮಗನಿಗೆ ಹೇಳಿದ್ದಿಷ್ಟಂತೆ: "ನೀನು ಮನೆಯಳಿಯ ಆದೆ, ಸರಿ. ಅದಕ್ಕೊಂದು ಹೆಸರಾದ್ರೂ ಇದೆ. ನಾನೇನಾಗ್ಲಪ್ಪ? ಮನೆಯಳಿಯನ ತಾಯಿ ಅಂತ ಯಾವೂರಲ್ಲಾದ್ರೂ ಕೇಳಿದೀಯಾ?" ನಂಜನಗೂಡಿನಲ್ಲಿ ತಮ್ಮನ ಮನೆಯಿದೆ, ಅಲ್ಲಿಗೆ ಹೋಗಿಬಿಡುತ್ತೇನೆ ಎಂದರಂತೆ. ಆ ತಮ್ಮನ ಮನೆಯಲ್ಲಿ ಆಗಲೇ ಇಬ್ಬರು ಸೊಸೆಯರು. ಇವರಿಗೆ ಸಿಗುವುದು ಮಹಡಿಯ ಮೇಲಿನ ಒಂದು ಕೋಣೆ, ಇವರ ಮಂಡಿಗೋ ಮಹಡಿ ಹತ್ತುವ ಶಕ್ತಿಯಿಲ್ಲ. ಅಳಿಯ ಕಿಟಕಿಯಿಂದ ಹೊಳೆ ನೋಡುತ್ತ ಕೂತನಂತೆ. ಮಗಳು ನನಗೆ ಫೋನಿನಲ್ಲಿ ಪಿಸುಗುಟ್ಟಿದಳು, "ಅಮ್ಮಾ, ಅತ್ತೆ ಹೋದ್ರೆ ಇವ್ರು ಎದ್ದು ನಿಲ್ಲಲ್ಲ. ಕೆಲ್ಸ ಹೋಗಿದ್ದಕ್ಕೆ ತಾಯೀನ ವಾಪಸ್ ಕಳಿಸ್ದೆ ಅನ್ನೋದು ತಲೇಲಿ ಕೂತ್ಬಿಡತ್ತೆ."

ನನಗೆ ಆಗ ಬೇಸ್‌ಮೆಂಟು ನೆನಪಾಯಿತು.

ನಮ್ಮ ಮನೆ ಇಳಿಜಾರಿನಲ್ಲಿದೆ. ಮುಂದಿನಿಂದ ನೋಡಿದರೆ ಬೇಸ್‌ಮೆಂಟು ನೆಲದೊಳಗೆ, ಹಿಂದಿನಿಂದ ನೋಡಿದರೆ ಅಂಗಳಕ್ಕೆ ಸಮ. ಹಿಂದೆ ಅದಕ್ಕೆ ಅದರದೇ ಬಾಗಿಲಿದೆ. ಮೂವತ್ತು ವರ್ಷ ಅದು ಬರೀ ಸಿಮೆಂಟ್ ನೆಲ, ಮನೆ ಕಾಯಿಸುವ ಫರ್ನೇಸು, ಬೇಸಿಗೆಯಲ್ಲಿ ತೇವ ಹೀರುತ್ತ ಗೊರಕೆ ಹೊಡೆಯುವ ಡಿಹ್ಯುಮಿಡಿಫೈಯರು. ಒಂದು ಫ್ಯಾಮಿಲಿ ರೂಮ್, ಒಂದು ಮಲಗುವ ಕೋಣೆ, ಬಚ್ಚಲು ಮಾಡಿಸಿದರೆ? ಆ ಸಂಸಾರದ ಸಾಮಾನೆಲ್ಲ ಹಿಡಿಸುವಂಥ ಉದ್ದನೆಯ ಕ್ಲಾಸೆಟ್, ಗೋಡೆಯೊಳಗಿನ ಬೀರು, ಕಟ್ಟಿಸಿದರೆ? ಬೀಗಿತ್ತಿ ಅವರದೇ ಬಾಗಿಲಿನಿಂದ ಬರಲಿ, ಹೋಗಲಿ. ನನ್ನ ಹೊಸಿಲು ತುಳಿಯಬೇಕಾಗಿಯೇ ಇಲ್ಲ.

ಖುದ್ದಾಗಿ ಫೋನ್ ಮಾಡಿ ಇಷ್ಟನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಒಲೆ?"

"ಒಲೆ ಯಾಕ್ರೀ, ಮೇಲೆ ಅಡುಗೆಮನೆ ಇದೆಯಲ್ಲ."

"ಒಲೆ ಬೇರೆ ಇದ್ರೆ ಮನೆ ಬೇರೆ. ಒಲೆ ಒಂದೇ ಆದ್ರೆ ನಾನು ನಿಮ್ಮನೇಲಿ ಇದ್ದ ಹಾಗೇ ಅಲ್ವೇನ್ರೀ? ಅಲ್ಲಿ ನನ್ನ ಕೈಯಾರೆ ಹಾಲುಕ್ಕಿದ್ರೆ ಇರ್ತೀನಿ. ಇಲ್ದಿದ್ರೆ ಶ್ರಾವಣದ ಹೊತ್ತಿಗೆ ಊರಿಗೆ."

ಆಗಲಿ, ಮಾಡಿಸೋಣ ಎಂದುಬಿಟ್ಟೆ. ಈ ದೇಶದ ಕಾಯಿದೆ ನನಗೇನು ಗೊತ್ತಿತ್ತು?

ಕಂಟ್ರಾಕ್ಟರು ಹ್ಯಾರಿಸನ್ ಎಂಬ ಊರಿನ ಕಡೆಯವನು, ಪೋರ್ಚುಗೀಸ್ ಮಾತಾಡುವ ಗಟ್ಟಿ ಆಳು. ಆ ವರ್ಷ ಮನೆ ಕಟ್ಟಿಸುವವರೇ ಇರಲಿಲ್ಲವಾದ್ದರಿಂದ ಕರೆದ ಮರುದಿನವೇ ಟೇಪು ಹಿಡಿದುಕೊಂಡು ಬಂದ. ಗೋಡೆ, ಕಿಟಕಿ, ಕಾರ್ಪೆಟ್ಟು ಎಲ್ಲಕ್ಕೂ ತಲೆಯಾಡಿಸಿದ. ಸ್ಟೋವ್ ಎಂದ ತಕ್ಷಣ ಎರಡೂ ಕೈ ಮೇಲೆತ್ತಿದ, ಪೊಲೀಸರನ್ನು ಕಂಡವನಂತೆ. ಇದು ಒನ್ ಫ್ಯಾಮಿಲಿ ಮನೆಗಳ ಬೀದಿ. ಬೇಸ್‌ಮೆಂಟಿನಲ್ಲಿ ಒಲೆ ಬಂತೆಂದರೆ ಅದು ಎರಡನೇ ಮನೆ. ಟೌನ್ ಆಫೀಸಿನವರು ಪಾಸ್ ಮಾಡುವುದಿಲ್ಲ, ಕಟ್ಟಿದ್ದನ್ನು ಕೀಳಿಸುತ್ತಾರೆ. ಅದರಲ್ಲೂ ಈಗ, ಮನೆ ಉಳಿಸಿಕೊಳ್ಳಲಿಕ್ಕೆ ಎಲ್ಲರೂ ಬೇಸ್‌ಮೆಂಟಿಗೆ ಬಾಡಿಗೆಯವರನ್ನು ತುಂಬುತ್ತಿರುವಾಗ, ಇನ್‌ಸ್ಪೆಕ್ಟರ್‌ಗಳು ಮೂಗಿನಿಂದಲೇ ಹುಡುಕುತ್ತಾರೆ ಎಂದ.

ಬೀಗಿತ್ತಿಗೆ ಇದನ್ನು ತಿಳಿಸಿದೆ. "ಒಲೆ ಇಲ್ದೇ ಇದ್ರೆ ಅದು ಮನೆಯೇನ್ರೀ? ಗೋಡೌನು" ಎಂದರು. ಆದರೆ ಬರುವುದಿಲ್ಲ ಅನ್ನಲಿಲ್ಲ. ನಾನು ಅಷ್ಟಕ್ಕೇ ಖುಷಿಪಟ್ಟೆ.

ಬೇಸ್‌ಮೆಂಟ್ ಖಾಲಿ ಮಾಡಲು ಮಗಳು ಪ್ರತಿ ವೀಕೆಂಡ್ ಬಂದಳು. ಅವಳಪ್ಪ ಯಾವುದನ್ನೂ ಬಿಸಾಡಿದವರಲ್ಲ, 'ಬೇಕಾಗುತ್ತೆ' ಅನ್ನುವುದು ಅವರ ಮಂತ್ರ. ಸೂಟ್‌ಕೇಸಿನೊಳಗೆ ಸೂಟ್‌ಕೇಸು, ಅದರೊಳಗೆ ಇನ್ನೊಂದು, ಅದರೊಳಗೆ ನಾನು ಮೊದಲ ಸಲ ಈ ದೇಶಕ್ಕೆ ಬಂದಾಗ ಹಾಕಿಕೊಂಡಿದ್ದ ಹಾವಾಯಿ ಚಪ್ಪಲಿ. ಹಿಡಿ ಮುರಿದ ಕುಕ್ಕರುಗಳು. ಕೆಟ್ಟುಹೋದ ಟಿವಿಗಳ ಕೆಡದ ಬಾಕ್ಸುಗಳು. ಮಗಳು ಕಿಂಡರ್‌ಗಾರ್ಟನ್‌ನಿಂದ ಕಾಲೇಜಿನವರೆಗೆ ಹಾಕಿದ ಸ್ನೋ ಬೂಟುಗಳೆಲ್ಲ ಸಾಲಾಗಿ, ಒಂದೇ ಮಗು ದೊಡ್ಡದಾಗುತ್ತ ನಡೆದು ಹೋದಂತೆ. ಆ ಬೂಟುಗಳ ಮುಂದೆ ನಾನು ಕೂತುಬಿಟ್ಟೆ. "ಅಮ್ಮಾ, ಡೋಂಟ್ ಸ್ಟಾರ್ಟ್" ಎಂದಳು ಮಗಳು, ಆದರೆ ಅವಳೂ ಪಕ್ಕದಲ್ಲಿ ಕೂತಳು. ಕೊನೆಗೆ ಅತಿ ಪುಟ್ಟ ಜೊತೆಯನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದನ್ನು ಚರ್ಚಿನ ಡೊನೇಶನ್ ಡಬ್ಬಿಗೆ ಹಾಕಿ ಬಂದೆವು. ನೆಲ ಖಾಲಿಯಾದಾಗ ನನಗೆ ದುಃಖವಾಗಬಹುದು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಬಿಗಿಯಾದ ರವಿಕೆಯ ಹುಕ್ಕು ಬಿಚ್ಚಿದಂತಾಯಿತು.

ಮೇ ತಿಂಗಳಲ್ಲಿ ಅವರ ಲೀಸ್ ಮುಗಿಯಿತು, ಕೆಳಗೆ ಕೆಲಸ ಮುಗಿದಿರಲಿಲ್ಲ. ಎಲ್ಲರೂ ಮೇಲೆಯೇ ಇಳಿದುಕೊಂಡರು. ಬೀಗಿತ್ತಿ ಗೆಸ್ಟ್ ರೂಮಿನಲ್ಲಿ, ಅತಿಥಿಯಾಗಿಯೇ. ಅವರ ಎರಡು ದೊಡ್ಡ ಸೂಟ್‌ಕೇಸುಗಳು ಬಾಗಿಲ ಪಕ್ಕ ನಿಂತಿದ್ದವು. ದಿನಾ ಬೆಳಿಗ್ಗೆ ಜಿಪ್ ಎಳೆದು ಒಂದು ಸೀರೆ ತೆಗೆಯುವರು, ಮತ್ತೆ ಜಿಪ್ ಹಾಕುವರು. ಖಾಲಿ ಡ್ರಾಯರುಗಳನ್ನು ನಾನೇ ತೆರೆದು ತೋರಿಸಿದೆ. "ಇರ್ಲಿ ಬಿಡಿ" ಎಂದರು. ಮಗನ ಮನೆಯಲ್ಲಿ ಎಂಟು ವರ್ಷ ಅಡುಗೆಮನೆ ಆಳಿದ ಹೆಂಗಸು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಂದ್ ಲೋಟ ನೀರು ತಗೋಬಹುದಾ?" ಎಂದು ಕೇಳುವರು. ಪ್ರತಿ ಸಲವೂ ಕೇಳುವರು. ಕುಡಿದ ಲೋಟ ತೊಳೆದು, ಒರೆಸಿ, ನನ್ನ ಕೈಗೇ ಕೊಡುವರು. ಅದಕ್ಕಿಂತ ಅವರು ನನ್ನನ್ನು ಬೈದಿದ್ದರೆ ವಾಸಿಯಿತ್ತು.

ಮೊಮ್ಮಗಳಿಗೆ ಇದೆಲ್ಲ ತಮಾಷೆ. ಇಬ್ಬರೂ ಅಜ್ಜಿಯರೇ ಆದ್ದರಿಂದ ಅವಳು ನಮಗೆ ಆಗಲೇ ಹೆಸರಿಟ್ಟಾಗಿತ್ತು. ನಾನು ಅಪ್ ಅಜ್ಜಿ, ಅವರು ಡೌನ್ ಅಜ್ಜಿ.

ಡೌನ್ ಅಜ್ಜಿ ದಿನಕ್ಕೆರಡು ಸಲ ಕೆಲಸ ನೋಡಲು ಕೆಳಗೆ ಹೋಗುವರು. ಮನೆಯೊಳಗಿನಿಂದಲೇ ಮೆಟ್ಟಿಲಿದೆ, ಹೊಸದಾಗಿ ಕಾರ್ಪೆಟ್ ಹಾಕಿಸಿ ಹಿಡಿಗಂಬಿ ಕೂರಿಸಿದ್ದೆ. ಅದನ್ನು ಅವರು ಬಳಸಲಿಲ್ಲ. ಮುಂಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿ, ಮಳೆಯಾದರೆ ಕೊಡೆ ಹಿಡಿದು, ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಆ ಮಂಡಿಗಳನ್ನು ಎಳೆದುಕೊಂಡು ಹಿಂಬಾಗಿಲಿಗೆ ಬರುವರು. ಅದು ಅವರ ಬಾಗಿಲು.

ಒಂದು ದಿನ ನಾನು ಒಳಮೆಟ್ಟಿಲು ಇಳಿದು ಹೋದಾಗ ಅವರು ಕಂಟ್ರಾಕ್ಟರನಿಗೆ ಕ್ಲಾಸೆಟ್ಟಿನಲ್ಲಿ ಏನನ್ನೋ ವಿವರಿಸುತ್ತಿದ್ದರು. ಅವರದು ಕನ್ನಡ, ಅವನದು ಪೋರ್ಚುಗೀಸು, ಇಬ್ಬರಿಗೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಸೊಂಟದ ಮಟ್ಟಕ್ಕೆ ಅಂಗೈ ಹಿಡಿದು "ಇಷ್ಟೆತ್ತರ" ಎಂದರು. ಮೊಳ ಹಾಕಿ "ಇಷ್ಟಗಲ" ಎಂದರು. ಅಲ್ಲಿ ಒಂದು ಶೆಲ್ಫ್ ಬೇಕು, ಮರದ್ದಲ್ಲ, ಬಚ್ಚಲಿಗೆ ತಂದು ಮಿಕ್ಕಿದ ಟೈಲಿನದು. ಆಮೇಲೆ ಗೋಡೆಗೆ ಬೆರಳು ತೋರಿಸಿದರು: "ಪ್ಲಗ್." ಸೀರೆ ಇಡುವ ಕ್ಲಾಸೆಟ್ಟಿಗೆ ಟೈಲಿನ ಕಟ್ಟೆ ಯಾಕೆ, ಪ್ಲಗ್ ಪಾಯಿಂಟ್ ಯಾಕೆ? ಅವನು ನನ್ನ ಮುಖ ನೋಡಿದ. ನಾನು ಅವರ ಮುಖ ನೋಡಿದೆ. ಅವರು ಸೀಲಿಂಗ್ ನೋಡಿದರು.

"ಫಾರ್ ಐರನಿಂಗ್" ಎಂದೆ.

ಸುಳ್ಳೇನಲ್ಲ, ಅಲ್ಲಿ ಇಸ್ತ್ರಿಯನ್ನೂ ಮಾಡಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಇಂಥದ್ದೆಲ್ಲ ಸಲೀಸು.

ಕೆಲಸ ಮುಗಿಯುತ್ತ ಬಂದಂತೆ ಆಷಾಢವೂ ಹತ್ತಿರ ಬಂತು. ಆಷಾಢದಲ್ಲಿ ಹೊಸ ಮನೆ ಹೊಗುವಂತಿಲ್ಲ, ಹಾಲುಕ್ಕಿಸುವಂತಿಲ್ಲ. ಶ್ರಾವಣದವರೆಗೆ ಕಾಯುವ ಎಂದರೆ, ಶ್ರಾವಣಕ್ಕೆ ಊರಿಗೆ ಎಂದು ಅವರು ಹೇಳಿಯಾಗಿದೆ. ಇಂಥ ವಿಷಯದಲ್ಲಿ ಅವರು ಮಾತಿಗೆ ತಪ್ಪಿದವರಲ್ಲ. ತಮ್ಮನಿಗೆ ಫೋನ್ ಮಾಡಿ ಪಂಚಾಂಗ ನೋಡಿಸಿದರು. ಆಷಾಢಕ್ಕೆ ಮೊದಲು ಉಳಿದಿದ್ದು ಒಂದು ಸೋಮವಾರ ಬೆಳಿಗ್ಗೆ. ನಂಜನಗೂಡಿನ ಬೆಳಿಗ್ಗೆ ನಮಗೆ ರಾತ್ರಿಯಲ್ಲವೇ ಎಂದು ಅಳಿಯ ಕೇಳಿದ್ದಕ್ಕೆ, ಸೂರ್ಯ ಎಲ್ಲಿ ಹುಟ್ಟಿದರೂ ಬೆಳಿಗ್ಗೆ ಬೆಳಿಗ್ಗೆಯೇ ಎಂದು ಬಾಯಿ ಮುಚ್ಚಿಸಿದರು.

ಅದೇ ಸೋಮವಾರ ಟೌನಿನ ಫೈನಲ್ ಇನ್‌ಸ್ಪೆಕ್ಷನ್.

ಎಂಟರಿಂದ ನಾಲ್ಕರೊಳಗೆ ಯಾವಾಗಲಾದರೂ ಬರಬಹುದು ಎಂದು ಟೌನ್ ಆಫೀಸಿನವರು ಹೇಳಿದ್ದರು. ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹಾಗೆ ಹೇಳಿದ ಯಾರೂ ಮೂರೂವರೆಗೆ ಮೊದಲು ಬಂದದ್ದಿಲ್ಲ. ಬೆಳಿಗ್ಗೆಯೇ ಹಾಲುಕ್ಕಿಸಿ, ಎತ್ತಿಟ್ಟು, ಕ್ಲಾಸೆಟ್ಟಿನ ಬಾಗಿಲು ಮುಚ್ಚಿದರಾಯಿತು ಎಂದು ನಾನೇ ಧೈರ್ಯ ಹೇಳಿದೆ. ಮಗಳು ಆಫೀಸಿಗೆ ಹೋದಳು. ರಜ ಕೇಳುವ ಕಾಲವಾಗಿರಲಿಲ್ಲ ಅದು. ಅಳಿಯ ಎಷ್ಟೋ ದಿನದ ಮೇಲೆ ಶೇವ್ ಮಾಡಿಕೊಂಡು, ಪಂಚೆಯುಟ್ಟು, ಶಲ್ಯ ಹೊದ್ದು ಬಂದ. ಮೊಮ್ಮಗಳಿಗೆ ಬೇಸಿಗೆ ರಜ ಶುರುವಾಗಿತ್ತು. ಲಂಗ ಹಾಕಿಕೊಂಡು ಒಳಮೆಟ್ಟಿಲಿನ ಮೇಲೆ ಕೂತಳು.

ಬೀಗಿತ್ತಿ ಕ್ಲಾಸೆಟ್ಟಿನ ಬಾಗಿಲನ್ನು ಮಡಚಿ ತೆರೆದರು. ಕರೆಂಟಿನ ಒಲೆ, ಹಾಟ್‌ಪ್ಲೇಟು, ಆಗಲೇ ಟೈಲಿನ ಕಟ್ಟೆಯ ಮೇಲಿತ್ತು. ಎಲ್ಲಿಂದ ತಂದರೋ, ಯಾವ ಸೂಟ್‌ಕೇಸಿನಲ್ಲಿತ್ತೋ. ಅದರ ಪಕ್ಕ ಅಕ್ಕಿ ಡಬ್ಬ, ಬೇಳೆ ಡಬ್ಬ, ಉಪ್ಪು, ಒಗ್ಗರಣೆ ಸೌಟು. ಮೇಲಿನ ಶೆಲ್ಫಿನಲ್ಲಿ ಒಂದು ದೇವರ ಪಟ. ಬಟ್ಟೆ ನೇತುಹಾಕುವ ಕೋಲಿಗೆ ಮಾವಿನೆಲೆಯ ತೋರಣ, ಪ್ಲಾಸ್ಟಿಕ್ಕಿನದು. ಐದು ಅಡಿಯ ಜಾಗದಲ್ಲಿ ಆ ಹೆಂಗಸು ಒಂದು ಇಡೀ ಮನೆ ಮಾಡಿಕೊಂಡಿದ್ದರು.

ಹೊಸ ಸ್ಟೀಲ್ ಪಾತ್ರೆಯ ಕಂಠಕ್ಕೆ ಅರಿಸಿನದ ಕೊಂಬು ಕಟ್ಟಿ, ಹಾಲಿಟ್ಟು, ಕೈಮುಗಿದು ನಿಂತರು. ನಾವೂ ನಿಂತೆವು. ಈ ದೇಶದ ಹಾಲು ಉಕ್ಕುವುದೇ ನಿಧಾನ. ನೊರೆ ಕಟ್ಟಿತು, ನಡುಗಿತು, ಇಳಿಯಿತು. ಮೊಮ್ಮಗಳು "ಈಸ್ ಇಟ್ ಬ್ರೋಕನ್?" ಎಂದು ಕೇಳಿದಳು. ಅಷ್ಟರಲ್ಲಿ ಒಮ್ಮೆಲೇ ಎದ್ದು, ಅಂಚು ಮೀರಿ, ಸುರಿದುಬಿಟ್ಟಿತು, ಕೆಂಪಗೆ ಕಾದ ಸುರುಳಿಯ ಮೇಲೆ.

ಊರಿನಲ್ಲಾದರೆ ಅದು ಶುಭದ ವಾಸನೆ. ಇಲ್ಲಿ ಕ್ಲಾಸೆಟ್ಟಿನ ಎದುರಿಗೇ ಹೊಸ ಸ್ಮೋಕ್ ಅಲಾರಂ. ಒಂದು ಕೂಗಿದರೆ ಮನೆಯಲ್ಲಿರುವುದೆಲ್ಲ ಕೂಗಬೇಕು ಎಂದು ಕಾಯಿದೆ, ಕಂಟ್ರಾಕ್ಟರು ಹಾಗೆಯೇ ಜೋಡಿಸಿದ್ದ. ಬೇಸ್‌ಮೆಂಟು, ನಡುಮನೆ, ಮೇಲಿನ ಬೆಡ್‌ರೂಮುಗಳು, ಎಲ್ಲ ಒಟ್ಟಿಗೆ ಕಿರುಚಿಕೊಂಡವು. ಅಳಿಯ ಸ್ಟೂಲು ಹತ್ತಿ ಶಲ್ಯದಿಂದ ಬೀಸತೊಡಗಿದ. ನಾನು ಹಿಂಬಾಗಿಲು ತೆರೆದು ಹೊಗೆ ಹೊರಗೆ ಬಿಡೋಣವೆಂದು ಓಡಿದೆ.

ಬಾಗಿಲು ತೆರೆದರೆ ಎದುರಿಗೆ ಇನ್‌ಸ್ಪೆಕ್ಟರು. ಮುಂದಿನ ಬೆಲ್ ಒತ್ತಿ ಒತ್ತಿ, ಯಾರೂ ಕೇಳದೆ, ಸುತ್ತಿಕೊಂಡು ಬಂದಿದ್ದ. ಎತ್ತರದ, ವಯಸ್ಸಾದ ಮನುಷ್ಯ, ಕೈಯಲ್ಲಿ ಟಾರ್ಚು. ಹೊಗೆ, ಕಿರುಚಾಟ, ಸ್ಟೂಲಿನ ಮೇಲೆ ಶಲ್ಯ ಬೀಸುತ್ತಿರುವ ಪಂಚೆಯ ಗಂಡಸು, ಎಲ್ಲವನ್ನೂ ಸಾವಕಾಶವಾಗಿ ನೋಡಿದ. ಅಲಾರಂ ನಿಂತ ಮೇಲೆ ಹೇಳಿದ, "ವೆಲ್, ದಿ ಅಲಾರಮ್ಸ್ ವರ್ಕ್."

ನಾನು ನಕ್ಕೆ. ಅವನು ನಗಲಿಲ್ಲ. ಅವನ ಕಣ್ಣು ಕ್ಲಾಸೆಟ್ಟಿನ ಮೇಲಿತ್ತು.

ಬಚ್ಚಲು ನೋಡಿದ, ಕಿಟಕಿ ತೆರೆದು ಮುಚ್ಚಿದ, ಗೋಡೆ ತಟ್ಟಿದ. ಎಲ್ಲ ಸರಿಯಿದೆ ಎಂದ. ತಿರುಗಿ ಕ್ಲಾಸೆಟ್ಟಿನ ಮುಂದೆಯೇ ಬಂದು ನಿಂತ. ಹಾಟ್‌ಪ್ಲೇಟು, ಅಕ್ಕಿ ಡಬ್ಬ, ಬೇಳೆ ಡಬ್ಬ, ಪ್ರತ್ಯೇಕ ಬಾಗಿಲು. ಈ ಬೀದಿಯಲ್ಲೇ ಸಾಲ ತೀರಿಸಲಾಗದೆ ಬ್ಯಾಂಕಿಗೆ ಹೋದ ಮನೆಗಳನ್ನು ನೋಡಿದ್ದೇನೆ, ಬೇಸ್‌ಮೆಂಟಿನಲ್ಲಿ ಮೂರು ಸಂಸಾರ ಇಟ್ಟವರನ್ನೂ ನೋಡಿದ್ದೇನೆ, ಕೇಳುವುದು ನನ್ನ ಕರ್ತವ್ಯ ಎಂದು ವಿನಯದಿಂದಲೇ ಹೇಳಿದ. ಇಲ್ಲಿ ಬೇರೆ ಯಾರಾದರೂ ಪ್ರತ್ಯೇಕವಾಗಿ ವಾಸಿಸುತ್ತಾರೆಯೇ? ಹಾಗಿದ್ದರೆ ಇದನ್ನು ಪಾಸ್ ಮಾಡಲಾಗುವುದಿಲ್ಲ.

ಆನ್ಸರ್ ಇನ್ ಕಂಪ್ಲೀಟ್ ಸೆಂಟೆನ್ಸಸ್, ಗರ್ಲ್ಸ್, ಎನ್ನುತ್ತಿದ್ದರು ನಮ್ಮ ಸಿಸ್ಟರು. ನಾನು ಒಂದು ಕಂಪ್ಲೀಟ್ ಸೆಂಟೆನ್ಸನ್ನು ಕಟ್ಟಿಕೊಂಡು ಶುರುಮಾಡಿದೆ: ಇನ್ ಅವರ್ ಟ್ರೆಡಿಶನ್, ವೆನ್ ಎ ಫ್ಯಾಮಿಲಿ ಎಂಟರ್ಸ್ ಎ ನ್ಯೂ ಡ್ವೆಲಿಂಗ್... ಡ್ವೆಲಿಂಗ್, ವಾಸದ ಮನೆ, ಎಂದಾಗಲೇ ಅವನ ಹುಬ್ಬು ಮೇಲೇರಿತು. ಮುಂದೆ ಏನು ಹೇಳಿದರೂ ಹಗ್ಗ ಬಿಗಿಯುತ್ತದೆ ಎಂದು ನನಗೆ ಅರ್ಥವಾಯಿತು. ಬೇರೆ ಮನೆ ಎಂದರೆ ಟೌನು ಬಿಡುವುದಿಲ್ಲ. ಒಂದೇ ಮನೆ ಎಂದರೆ ಇವರು ಉಳಿಯುವುದಿಲ್ಲ. ಅಳಿಯ ಸ್ಟೂಲಿನಿಂದ ಇಳಿದು ನಿಂತಿದ್ದ. ತಾಯಿಯ ಪರವಾಗಿ ಯಾವ ಉತ್ತರ ಕೊಟ್ಟರೂ ಅವನಿಗೆ ಸೋಲೇ.

ಇನ್‌ಸ್ಪೆಕ್ಟರು ಬೀಗಿತ್ತಿಯ ಕಡೆ ತಿರುಗಿ, ಮಾತನ್ನು ಬಿಡಿಸಿ ಬಿಡಿಸಿ ಕೇಳಿದ, "ಮ್ಯಾಮ್, ಯೂ ಲಿವ್ ಹಿಯರ್ ಸೆಪರೇಟ್?"

ಎಂಟು ವರ್ಷ ಜರ್ಸಿ ಸಿಟಿಯಲ್ಲಿ ಮಧ್ಯಾಹ್ನದ ಟಿವಿ ಸೀರಿಯಲ್ ನೋಡಿದವರಿಗೆ ಆ ಪದ ಗೊತ್ತಿಲ್ಲದೆ ಏನು? ಗಂಡ ಹೆಂಡತಿ ಬಿಟ್ಟಾಗೆಲ್ಲ ಅಲ್ಲಿ ಅದೇ ಪದ. ಅವರು ಮೊದಲು ಮಗನನ್ನು ನೋಡಿದರು. ಶೇವ್ ಮಾಡಿದ ಅವನ ಮುಖ ಬೆಳ್ಳಗಿತ್ತು. ಆಮೇಲೆ ಪಾತ್ರೆಯನ್ನು ನೋಡಿದರು. ಕೈ ಚಾಚಿ ಪ್ಲಗ್ ಕಿತ್ತರು. ಹಾಟ್‌ಪ್ಲೇಟು ಇನ್ನೂ ಬಿಸಿಯಿತ್ತು. ಸೆರಗಿನಲ್ಲಿ ಹಿಡಿದು, ವೈರು ಸುತ್ತಿ, ತಂದು ನನ್ನ ಕೈಗಿಟ್ಟರು.

"ಮೇಲಿಡಿ" ಎಂದರು ನನಗೆ.

ಇನ್‌ಸ್ಪೆಕ್ಟರನಿಗೆ ಹೇಳಿದರು, "ನೋ ಸೆಪರೇಟ್. ಕಿಚನ್ ಅಪ್. ಒನ್ ಹೌಸ್."

ಅವನು ಅವರನ್ನೇ ಸ್ವಲ್ಪ ಹೊತ್ತು ನೋಡಿದ. ನನ್ನ ಕೈಯಲ್ಲಿ ಬಿಸಿಬಿಸಿಯಾಗಿದ್ದ ಹಾಟ್‌ಪ್ಲೇಟನ್ನು ನೋಡಿದ. ಕ್ಲಾಸೆಟ್ಟಿನಲ್ಲಿ ಅದನ್ನು ಮತ್ತೆ ಇಡಬೇಡಿ, ಬಟ್ಟೆಗೆ ಹತ್ತಿದರೆ ಇಡೀ ಮನೆ ಹೋಗುತ್ತದೆ ಎಂದ. ಇಲ್ಲ ಎಂದೆ, ಒಂದೇ ಪದದಲ್ಲಿ. ಟೈಲಿನ ಕಟ್ಟೆ ಇರಲಿ, ಕಟ್ಟೆಗೇನೂ ತಕರಾರಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ. ಬೀಗಿತ್ತಿ ಪುಟ್ಟ ಲೋಟದಲ್ಲಿ ಸಕ್ಕರೆ ಬೆರೆಸಿದ ಹಾಲು ಮುಂದೆ ಹಿಡಿದರು. ಅವನು ಎದೆಯ ಮೇಲೆ ಕೈಯಿಟ್ಟು, ತನಗೆ ಹಾಲು ಆಗಿಬರುವುದಿಲ್ಲ, ಹೊಟ್ಟೆ ಕೆಡುತ್ತದೆ ಎಂದು ಕ್ಷಮೆ ಕೇಳಿದ. ಅದನ್ನು ಮೊಮ್ಮಗಳು ಕುಡಿದಳು.

ಅವನು ಹೋದ. ಪಾಸಾಗಿತ್ತು. ಆದರೆ ಏನು ಪಾಸಾಯಿತು? ಅವರು ಕೇಳಿದ್ದು ಒಂದೇ, ಒಂದು ಒಲೆ. ಅದು ನನ್ನ ಕೈಯಲ್ಲಿತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ, ಕಳ್ಳತನದ ಮಾಲು ಹಿಡಿದವಳಂತೆ ನಿಂತಿದ್ದೆ. ಅಳಿಯ ನಿಧಾನವಾಗಿ, "ಅಮ್ಮ, ಟಿಕೆಟ್ ನೋಡ್ಲಾ?" ಎಂದು ಕೇಳಿದ. ಕೇಳುವಾಗ ಅವನ ಧ್ವನಿ ಹೇಗಿತ್ತೆಂದು ಬರೆಯಲಾರೆ.

ಅವರು ನನ್ನ ಕಡೆ ತಿರುಗಿ ಕೇಳಿದರು, "ಹಾಲು ಯಾವ ದಿಕ್ಕಿಗೆ ಉಕ್ತು, ನೋಡಿದ್ರಾ?"

ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದು ಎನ್ನುತ್ತಾರೆ. ನಾನು ನೋಡಿರಲಿಲ್ಲ. ಅಲಾರಂ ಗಲಾಟೆಯಲ್ಲಿ ಯಾರು ನೋಡುತ್ತಾರೆ? ಅದೂ ನೆಲದ ಕೆಳಗೆ ನಿಂತವರಿಗೆ ಪೂರ್ವ ಯಾವುದು, ಪಶ್ಚಿಮ ಯಾವುದು? ಅಳಿಯನೂ ಅತ್ತಿತ್ತ ನೋಡಿದ. ಅವರು ಕಟ್ಟೆಯ ಹತ್ತಿರ ಬಗ್ಗಿ ಕಲೆಯನ್ನು ಪರೀಕ್ಷೆ ಮಾಡಿದರು. ಹಾಲು ಟೈಲಿನ ಮೇಲೆ ಹರಿದು, ಅಂಚಿನಿಂದ ತೊಟ್ಟಿಕ್ಕಿ, ಹೊಸ ಕಾರ್ಪೆಟ್ಟಿನ ಮೇಲೆ ಒಳಮೆಟ್ಟಿಲಿನ ಕಡೆಗೆ ಒಂದು ನಾಲಗೆ ಚಾಚಿತ್ತು.

"ಮೇಲಕ್ಕೆ ಹೋಗೋ ದಿಕ್ಕು" ಎಂದರು. "ಸರಿ ಬಿಡಿ. ಹಾಲಿಗೇ ಗೊತ್ತಾಗಿದೆ, ಇನ್ನು ನಾನೇನ್ ಹೇಳ್ಲಿ."

ಆಮೇಲೆ ಹಾಲಿನ ಪಾತ್ರೆಯನ್ನೆತ್ತಿಕೊಂಡರು. ಹಿಂಬಾಗಿಲಿನ ಕಡೆ ಹೋಗಲಿಲ್ಲ. ಹಿಡಿಗಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ನಿಂತು ಉಸಿರು ಬಿಟ್ಟು, ಒಳಮೆಟ್ಟಿಲು ಹತ್ತಿದರು. ಹಿಂದೆ ಮೊಮ್ಮಗಳು, ಅವಳ ಹಿಂದೆ ಹಾಟ್‌ಪ್ಲೇಟು ಹಿಡಿದ ನಾನು. ಅಳಿಯ ಮಾತ್ರ ಕೆಳಗೇ ಉಳಿದ. ಶಲ್ಯದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಹೊಗೆಗೆ ಅಂದುಕೊಂಡು ನಾನು ತಿರುಗಿ ನೋಡಲಿಲ್ಲ.

"ಬಟ್ ಡೌನ್ ಅಜ್ಜಿ ಈಸ್ ಗೋಯಿಂಗ್ ಅಪ್" ಎಂದಳು ಮೊಮ್ಮಗಳು, ಹೆಸರಿಟ್ಟವಳ ಬೇಸರದಲ್ಲಿ.

ನನ್ನ ಅಡುಗೆಮನೆಯ ಬಾಗಿಲಲ್ಲಿ ಅವರು ನಿಲ್ಲಲಿಲ್ಲ. ಒಳಗೆ ಹೋದರು. ಹಾಲನ್ನು ನನ್ನ ಒಲೆಯ ಮೇಲಿಟ್ಟರು. ಕೇಳದೆ ಫ್ರಿಜ್ ತೆಗೆದರು, ಕೇಳದೆ ಟೊಮ್ಯಾಟೊ ತೆಗೆದರು. ಮೇಲಿನ ಕ್ಯಾಬಿನೆಟ್ಟಿನಿಂದ ನನ್ನ ಸಾರಿನಪುಡಿಯ ಡಬ್ಬ ಇಳಿಸಿ, ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಸಿಂಡರಿಸಿದರು.

"ಏನ್ರೀ ಇದು, ನಿಮ್ಮ ಮದುವೇಲಿ ಮಾಡಿದ್ದಾ? ವಾಸ್ನೆಯೇ ಇಲ್ಲ."

"ಲೈಬ್ರರಿಗೆ ಹೋಗೋಳಿಗೆ ಪುರುಸೊತ್ತೆಲ್ಲಿ ಬರ್ಬೇಕು" ಎಂದೆ.

"ರಿಟೈರ್ ಆಗಿ ಎಷ್ಟು ವರ್ಷ ಆಯ್ತು?"

ಆ ಮನೆಗೆ ಬಂದ ಮೇಲೆ ನನ್ನ ಅಡುಗೆಯನ್ನು ನನ್ನೆದುರೇ ಯಾರೂ ಹೀಗಳೆದದ್ದಿಲ್ಲ. ಯಜಮಾನರು ಕೊಟ್ಟದ್ದನ್ನು ತಿಂದವರು. ನನಗೆ ನಗು ತಡೆಯಲಾಗಲಿಲ್ಲ. ಮೇ ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಒಂದು ಭಾರ ಎದ್ದು, ಕ್ಷಮಿಸಿ ಎಂದು ಹೇಳಿ, ಹೊರಟುಹೋದಂತಿತ್ತು. ಅವರು ನನ್ನ ಪುಡಿಯನ್ನು ಕಸದ ಬುಟ್ಟಿಗೆ ಸುರಿದು ಮೆಣಸಿನಕಾಯಿ ಎಲ್ಲಿದೆ ಎಂದು ಕೇಳಿದರು. ಪೂರ್ತಿ ಕೇಳುವ ಮೊದಲೇ ತಾವೇ ಹುಡುಕಿಕೊಂಡರು.

ಅಳಿಯನಿಗೆ ಮುಂದಿನ ವರ್ಷ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಸಣ್ಣದು, ಆದರೆ ದಿನಾ ಟ್ರೈನ್ ಹತ್ತುವಂಥದ್ದು. ಅವನೂ ಮಗಳೂ ಬೇರೆ ಮನೆ ಮಾಡುವ ಮಾತನ್ನು ಆಗಾಗ ಎತ್ತುತ್ತಿದ್ದರು. ಎತ್ತಿದಾಗೆಲ್ಲ ಬೀಗಿತ್ತಿ, ನೀವು ಬೇಕಾದರೆ ಹೋಗಿ, ಇವರಿಗೆ ಸಾರು ಮಾಡಲು ಬರುವುದಿಲ್ಲ ಎಂದು ನನ್ನನ್ನು ತೋರಿಸುವರು. ಕ್ಲಾಸೆಟ್ಟಿನ ಟೈಲಿನ ಕಟ್ಟೆಯ ಮೇಲೆ ಈಗ ನಿಜಕ್ಕೂ ಇಸ್ತ್ರಿ ಮಾಡುತ್ತೇವೆ. ಕಾರ್ಪೆಟ್ಟಿನ ಮೇಲಿನ ಹಾಲಿನ ಕಲೆಯನ್ನು ಮಗಳು ಎರಡು ಸಲ ಶಾಂಪೂ ಹಾಕಿ ತಿಕ್ಕಿದಳು, ಹೋಗಲಿಲ್ಲ. ಮೂರನೇ ಸಲ ನಾನೇ ಬೇಡವೆಂದೆ.

ಆದರೆ ನನಗೆ ನೆನಪಾಗುವುದು ಆ ಸೋಮವಾರದ ಮಧ್ಯಾಹ್ನ. ಊಟವಾಗಿತ್ತು. ಸಾರು ನಿಜವಾಗಿಯೂ ಚೆನ್ನಾಗಿತ್ತು, ಅದನ್ನು ನಾನು ಅವರಿಗೆ ಹೇಳಲಿಲ್ಲ. ಅಳಿಯ ತಾಯಿಯ ಎರಡು ಸೂಟ್‌ಕೇಸುಗಳನ್ನೂ ಕೆಳಗಿಳಿಸಿದ್ದ. ನಾನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ರೇಡಿಯೋ ಹಾಕುವುದನ್ನು ಮರೆತಿದ್ದೆ. ಮೆಟ್ಟಿಲಿನ ಬಾಗಿಲು ತೆರೆದೇ ಇತ್ತು. ಕೆಳಗಿನಿಂದ ಜಿಪ್ ಎಳೆದ ಸದ್ದು ಬಂತು. ಮುಚ್ಚುವ ಸದ್ದಿಗಾಗಿ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಕಾದೆ. ಅದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹ್ಯಾಂಗರುಗಳು ಕ್ಲಾಸೆಟ್ಟಿನ ಕೋಲಿಗೆ ತಗಲುವ ಸದ್ದು ಬಂತು, ಒಂದು, ಇನ್ನೊಂದು, ಆಮೇಲೆ ಬಹಳ.